ಭಾಗಮ್ಮನ ಅಪ್ಪನ ಕಾಗದ

ಬಸವಕಲ್ಯಾಣದಲ್ಲಿ ಹಳೆಯ ಉರ್ದು ಕಾಗದ ಓದಿಸಬೇಕೆಂದವರು ಅಬ್ದುಲ್ ರಜಾಕ್ ಮಾಸ್ತರರ ಮನೆಕಟ್ಟೆಗೇ ಬರಬೇಕು. ನಿಜಾಮರ ಕಾಲದ ಕಾಗದಗಳು ಈ ಸೀಮೆಯ ಎಷ್ಟೋ ಮನೆಗಳ ಟ್ರಂಕಿನ ತಳದಲ್ಲಿ ಇನ್ನೂ ಇವೆ. ಓದಬಲ್ಲವರು ಮಾತ್ರ ಒಬ್ಬೊಬ್ಬರಾಗಿ ಮಣ್ಣು ಸೇರಿದ್ದಾರೆ. ಈಗಿನ ಹುಡುಗರಿಗೆ ಅಚ್ಚಿನ ಉರ್ದು ಬರುತ್ತದೆ. ಊಟದ ಹೊತ್ತು ಮೀರುತ್ತಿದೆಯೆಂದು ಗುಮಾಸ್ತರು ಅವಸರದಲ್ಲಿ ಎಳೆದುಹಾಕಿದ ಆ ಮುರುಕು ಬರಹ ಬರುವುದಿಲ್ಲ. ಎಪ್ಪತ್ತಾರು ವರ್ಷದ ರಜಾಕ್ ಮಾಸ್ತರರಿಗೆ ಬರುತ್ತದೆ.

ಅವರಿಗೊಂದು ನಿಯಮವಿತ್ತು. ನಿಯಮ ಒಂದೇ ಆದರೂ ಕಾಲು ಎರಡು: ಇದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಕೂಡಿಸಬಾರದು. ಹೊಲದ ತಂಟೆಯಿದ್ದ ಅಣ್ಣತಮ್ಮಂದಿರು ಒಂದೇ ಕಾಗದ ಹಿಡಿದು ಬಂದು ಕಟ್ಟೆಯ ಎರಡು ತುದಿಗೆ ಮುಖ ತಿರುಗಿಸಿ ಕೂತು ಕೇಳುತ್ತಿದ್ದರು. ಗೆದ್ದವನು ಬಾಳೆಹಣ್ಣು ತರುತ್ತಿದ್ದ. ಸೋತವನು ಕಾಗದ ಬರೆದವನ ವಂಶವನ್ನೆಲ್ಲ ಜಾಲಾಡುತ್ತಿದ್ದ. ಓದಿದವರನ್ನು ಯಾರೂ ಬೈಯುತ್ತಿರಲಿಲ್ಲ.

ಅಂದರೆ, ಒಬ್ಬರನ್ನು ಬಿಟ್ಟು. ಇಪ್ಪತ್ತು ವರ್ಷದ ಹಿಂದೆ ಮಾಸ್ತರರ ಹೆಂಡತಿ ಮುನ್ನಿ ಬೀಯ ಅಣ್ಣ ಮುಜಾಫರ್ ತನ್ನ ಬಾವಿಯ ಕಾಗದ ಓದಿಸಿದ್ದ. ಎದುರು ಪಕ್ಷದವರೂ ಕೂತಿದ್ದರು. ಕಾಗದದ ಕೊನೆಯ ಸಾಲು ಬಾವಿಯನ್ನು ಅವರ ಪಾಲಿಗೆ ಹಾಕಿತ್ತು. ಮಾಸ್ತರರು ಕೊನೆಯ ಸಾಲನ್ನೂ ಓದಿದರು. ಮುಜಾಫರ್ ಹನ್ನೊಂದು ವರ್ಷ ತಂಗಿಯ ಮನೆಯ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ಯಾವುದೋ ಮದುವೆಗೆ ಬಂದು, ಉಂಡು, ಮಾತು ಶುರುಮಾಡಿದ. ಮುನ್ನಿ ಬೀ ಮಾತ್ರ ಆ ಕಡತ ಮುಚ್ಚಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಮಾಸ್ತರರು ಅಂದ ದಿನವೆಲ್ಲ ಬಾವಿ ಹೊರಗೆ ಬರುತ್ತಿತ್ತು.

ಆ ಸೋಮವಾರ ತೊಗರಿ ವ್ಯಾಪಾರಿ ಬಸವಣಪ್ಪ ಕಟ್ಟೆಗೆ ಬಂದಾಗ ಅವನ ಕೈಯಲ್ಲೊಂದು ತಗಡಿನ ಡಬ್ಬಿಯಿತ್ತು.

"ಮಾಸ್ತರ್ರೇ, ನಮ್ಮವ್ವ ಬಿದ್ದಾಳ್ರಿ."

ಹುಮನಾಬಾದಿನಲ್ಲಿರುವ ಮೊಮ್ಮಗಳು ಅನುರಾಧಾಳ ಮನೆಗೆ ಹೋಗಿದ್ದ ಭಾಗಮ್ಮ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಿದ್ದಳು. ವಯಸ್ಸು ಎಂಬತ್ತೆಂಟು. ಅಲ್ಲಿನ ನರ್ಸಿಂಗ್ ಹೋಮಿನಲ್ಲಿ ಕಾಲಿಗೆ ಇಟ್ಟಿಗೆಯ ಭಾರ ಕಟ್ಟಿ ಮಲಗಿಸಿದ್ದರು. ಎಲುಬಿನ ಡಾಕ್ಟರು ಬೀದರಿನಿಂದ ಗುರುವಾರಕ್ಕೊಮ್ಮೆ ಬರುವವರು. ಈ ಗುರುವಾರ ಆಪರೇಷನ್ ಆಗದಿದ್ದರೆ ಮುದುಕಿ ಮತ್ತೆ ಏಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ಭಾಗಮ್ಮನೂ ಅಷ್ಟೇ ಸ್ಪಷ್ಟವಾಗಿ ಹೇಳಿದ್ದಳು: ಮೊದಲು ಅಪ್ಪನ ಕಾಗದ ಓದಿಸಿರಿ. ಕೇಳಿದ ಮೇಲೆ ಬೇಕಾದಲ್ಲಿ ಕೊಯ್ಯಿರಿ.

"ಏನು ಕಾಗದ?"

"ಅದ ಗೊತ್ತಿದ್ರ ನಿಮ್ಮ ಕಟ್ಟೀಗಿ ಯಾಕ ಬರ್ತಿದ್ದೆ?"

ಭಾಗಮ್ಮನ ತವರು ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಹಳ್ಳಿ. ಅವಳಿಗೆ ಆರು ವರ್ಷವಿದ್ದಾಗ ಅಪ್ಪ ರಾಚಪ್ಪ ಜ್ವರ ಬಂದು ತೀರಿಕೊಂಡ. ಅವನು ಹೆಂಡತಿಯ ಕೈಗೆ ಒಂದು ಕಾಗದ ಕೊಟ್ಟು "ಇದನ್ನ ಕಳೀಬ್ಯಾಡ" ಎಂದಿದ್ದನಂತೆ. ಅವಳು ಕಳೆಯಲಿಲ್ಲ. ಮಗಳ ಮದುವೆಯಾದಾಗ "ನಿಮ್ಮಪ್ಪನ ಕಾಗದ, ಜ್ವಾಕಿ. ಅತ್ತೀಮನ್ಯಾಗ ಯಾರಿಗೂ ತೋರಸಬ್ಯಾಡ, ಹೊಲದ್ದಿದ್ರ ಕಸಗೋತಾರ" ಎಂದು ಕೊಟ್ಟು ಕಳಿಸಿದಳು. ಭಾಗಮ್ಮ ತೋರಿಸಲಿಲ್ಲ. ಹೆದರಬೇಕಾದವರೆಲ್ಲ ಸತ್ತುಹೋಗುವ ಹೊತ್ತಿಗೆ ಓದಬೇಕಾದವರೂ ಮಾಸ್ತರರೊಬ್ಬರನ್ನು ಬಿಟ್ಟು ಸತ್ತಿದ್ದರು. ಅಷ್ಟರಲ್ಲಿ ಕಾಗದ ಜಗಲಿಯ ದೇವರ ಪಕ್ಕಕ್ಕೆ ಬಡ್ತಿ ಪಡೆದಿತ್ತು; ದೇವರನ್ನು ಓದಿಸಲು ಯಾರೂ ಕಟ್ಟೆಗೆ ಒಯ್ಯುವುದಿಲ್ಲ. ಪ್ರತಿ ದೀಪಾವಳಿಗೆ ಅದನ್ನು ಬಿಚ್ಚಿ, ಕೆಳಗಿನ ಅಂಚಿಗೆ ಮೂರು ಬೆರಳು ವಿಭೂತಿ ಎಳೆದು, ಮಡಚಿ ಡಬ್ಬಿಗಿಡುವುದು ಅವಳ ಪದ್ಧತಿ. ಅಪ್ಪ ತನಗೇ ಏನೋ ಬರೆದಿಟ್ಟಿದ್ದಾನೆ ಎಂಬುದು ಅವಳ ನಂಬಿಕೆ. ರಾಚಪ್ಪನಿಗೆ ಓದುಬರಹ ಬರುತ್ತಿರಲಿಲ್ಲವೆಂಬುದು ಆ ನಂಬಿಕೆಗೆ ಅಡ್ಡ ಬಂದಿರಲಿಲ್ಲ. ಯಾರಿಂದಲೋ ಬರೆಸಿರಬಹುದಲ್ಲ.

"ನಾ ಫೋಟೋ ಹೊಡದು ಕಳಸಿದ್ದೆ, ಅನುರಾಧಾ ಮೊಬೈಲಿನ್ಯಾಗ ಕನ್ನಡಕ್ಕ ತಿರುವಿದ್ಳರಿ. ಅದು 'ಗೌರವಾನ್ವಿತ ಕೊಂಬಿಗೆ ಕ್ಷಮೆ' ಅಂತ ಅಂತು. ಹಂಗಂದ್ರ ಏನ್ರಿ?"

ಮಾಸ್ತರರು ಕನ್ನಡಕ ಏರಿಸಿ, ಬಲದಿಂದ ಎಡಕ್ಕೆ ಬೆರಳು ಆಡಿಸುತ್ತ ಮನಸ್ಸಿನಲ್ಲೇ ಓದಿದರು. ಮೊದಲ ಸಾಲಿಗೆ ಹುಬ್ಬು ಗಂಟಾಯಿತು. ಮೂರನೆಯ ಸಾಲಿಗೆ ತುಟಿಯ ಅಂಚು ನಡುಗಿತು. ಕೆಳಗಿನ ಎರಡು ಸಾಲು ವಿಭೂತಿಯ ದಪ್ಪ ಪದರದಡಿ ಮುಚ್ಚಿಹೋಗಿದ್ದವು. ಮೊಹರು-ಗಿಹರು ಇರಬೇಕು.

"ಬಸವಣಪ್ಪಾ, ಇದು ಕೊಂಡವಾಡದ ರಸೀದಿ."

"ಏನಂದ್ರಿ?"

"ಮಂದಿ ಹೊಲ ಮೇಯ್ದ ದನ ಕೂಡಿಹಾಕೂ ಸರ್ಕಾರಿ ದೊಡ್ಡಿ ಇರ್ತಿತ್ತಲ್ಲ, ಆ ಕೊಂಡವಾಡ. ನಿಮ್ಮಜ್ಜನ ಎಮ್ಮಿ ಯಾರದೋ ಜ್ವಾಳಾ ಮೇಯ್ದದ. ಹುಮನಾಬಾದಿನ ಕೊಂಡವಾಡದಾಗ ಮೂರು ದಿನ ಇತ್ತು. ದಂಡ ಕಟ್ಟಿ ಬಿಡಿಸಿಕೊಂಡು ಹೋಗ್ಯಾನ. ಕಾಗದ ಕಳದ್ರ ಮತ್ತ ಎಮ್ಮಿ ಹಿಡೀತಾರಂತ ಜ್ವಾಕಿ ಇಡು ಅಂದಿರಬೇಕು."

ಬಸವಣಪ್ಪ ಡಬ್ಬಿಯ ಮುಚ್ಚಳ ನೋಡಿದ. ಅದಕ್ಕೂ ವಿಭೂತಿ ಹತ್ತಿತ್ತು. ಅರವತ್ತೈದು ವರ್ಷದ ಗಂಡಸು ಮಕ್ಕಳಂತೆ ಕೈ ಮುಗಿದ.

"ಮಾಸ್ತರ್ರೇ, ಅವ್ವಗ ಹಿಂಗ ಓದಬ್ಯಾಡ್ರಿ. ಮಗಳ, ಚಂದ ಇರು, ದೇವರ ನಿನಗ ಛಲೋ ಮಾಡ್ಲಿ... ಹಿಂಗ ಎರಡು ಮಾತು ಅಂದುಬಿಡ್ರಿ. ಇಷ್ಟು ವರ್ಷ ಎಮ್ಮಿ ರಸೀದಿಗಿ ಕೈ ಮುಗಿದೀನಿ ಅಂತ ಗೊತ್ತಾದ್ರ ಆಕಿ ಎದಿ ಒಡೀತದ. ಆಪರೇಷನ್ ಎಲ್ಲಿಂದು ಬಂತು?"

"ನಾ ಹಂಗೆಲ್ಲ ಓದೂದಿಲ್ಲ. ಒಬ್ಬರಿಗಿ ಬಿಟ್ರ ಎಲ್ಲರಿಗೂ ಬಿಡಬೇಕಾಗ್ತದ."

"ಎಲ್ಲರ ಅವ್ವ ಕಾಲಿಗಿ ಇಟ್ಟಂಗಿ ಕಟಗೊಂಡು ಮಲಗಿಲ್ಲರಿ."

ಸುಳ್ಳು ಆಡಬೇಡ ಎಂದು ಗೋಡೆಗೋಡೆಯ ಮೇಲೂ ಬಣ್ಣದಲ್ಲಿ ಬರೆದಿರುವ ಊರಿನಲ್ಲಿ, ಆ ಬಣ್ಣಕ್ಕೆ ವರ್ಷವರ್ಷ ಕೈಯಾರೆ ದೇಣಿಗೆ ಕೊಡುವ ಮನುಷ್ಯ ಹೀಗೆ ಸುಳ್ಳಿಗೆ ಅಂಗಲಾಚಿದ್ದನ್ನು ಮಾಸ್ತರರು ಗಮನಿಸದೆ ಇರಲಿಲ್ಲ. ಆದರೆ ಅದನ್ನು ಆಡಿ ತೋರಿಸುವ ಸಮಯ ಅದಾಗಿರಲಿಲ್ಲ. ಬುಧವಾರ ಬರುತ್ತೇನೆ ಎಂದಷ್ಟೇ ಹೇಳಿದರು.

ಒಳಗೆ ಮುನ್ನಿ ಬೀ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ಮನೆಯ ಜಗಳ ದಖನಿ ಉರ್ದುವಿನಲ್ಲಿ ನಡೆಯುತ್ತದೆ. ಕನ್ನಡಕ್ಕೆ ತಂದರೆ ಅದರ ಖಾರ ಅರ್ಧ ಇಳಿಯುತ್ತದೆ.

"ಏನು ಮಾಡ್ತೀರಿ?"

"ಅದ ವಿಚಾರ ಮಾಡಾಕತ್ತೇನಿ."

"ವಿಚಾರ! ನಮ್ಮಣ್ಣನ ಬಾವಿ ಹೋಗೂ ಮುಂದ ವಿಚಾರ ಮಾಡಿದ್ದಿಲ್ಲ. ಆವಾಗ ಕಾಗದ ಅಂದ್ರ ಕಾಗದ, ಕುರಾನಿನ ಮ್ಯಾಲ ಕೈ ಇಟ್ಟಂಗ. ಈಗ ಯಾರದೋ ಮುದುಕಿಗಿ ಎಲ್ಲಿಂದ ಬಂತು ಈ ದಯಾ?"

"ಅಂದ್ರ ಇದ್ದದ್ದು ಇದ್ದಂಗ ಓದಲಿ?"

"ನಾ ಹಂಗ ಅಂದೆನೇನು? ಆ ಮುದುಕಿ ಮನಸು ಮುರದು ಬಂದ್ರ ನಿಮಗ ಈ ಮನ್ಯಾಗ ಚಹಾ ಸಿಗೂದಿಲ್ಲ."

"ಮತ್ತ ಏನು ಮಾಡಬೇಕು ಹೇಳು."

"ನಿಯಮ ಮಾಡಿಕೊಂಡವರು ನೀವು. ನಾನೇನು ಹೇಳಲಿ?" ಎಂದು ಮುನ್ನಿ ಬೀ ಅಕ್ಕಿ ಆರಿಸಲು ಕೂತಳು.

ಅವಳ ಮಾತಿನ ಮೊದಲ ಅರ್ಧಕ್ಕೂ ಎರಡನೆಯ ಅರ್ಧಕ್ಕೂ ತಾಳೆಯಿರಲಿಲ್ಲ. ಎರಡೂ ನಿಜವಾಗಿದ್ದವು, ಅದೇ ತೊಂದರೆ. ಮುಜಾಫರನಿಗೆ ಬಿಡದ ಒಂದು ಸಾಲನ್ನು ಭಾಗಮ್ಮನಿಗಾಗಿ ಬಿಟ್ಟರೆ, ಹೋದ ಬಾವಿ ನಿಯಮದಿಂದ ಹೋದದ್ದಲ್ಲ, ಮಾಸ್ತರರ ಮನಸ್ಸಿನಿಂದ ಹೋದದ್ದಾಗುತ್ತದೆ. ಎರಡು ದಿನ ಅವರಿಗೆ ಊಟ ರುಚಿಸಲಿಲ್ಲ. ಉಪ್ಪಿನ ಬಗ್ಗೆ ಮಾತ್ರ ಏನೂ ಅನ್ನಲಿಲ್ಲ.

ಬುಧವಾರ ಬಸವಣಪ್ಪನ ಕಾರಿನಲ್ಲಿ ಹುಮನಾಬಾದಿಗೆ ಹೊರಟರು. ದಾರಿಯಲ್ಲಿ ಬಸವಣಪ್ಪ ತನಗೆ ತಿಳಿದ ಧರ್ಮವನ್ನು ತನ್ನ ಅಂಗಡಿಯಿಂದಲೇ ತೆಗೆದು ಹೇಳಿದ.

"ತೂಕ ಅಂದ್ರ ತೂಕ, ಖರೇ ಅದರಿ. ಆದ್ರ ಬಾಣಂತಿ ಮನಿಗಿ ಬ್ಯಾಳಿ ಒಯ್ಯಾಕ ಬಂದ್ರ ನಮ್ಮಪ್ಪ ಒಂದು ಮುಷ್ಟಿ ಹೆಚ್ಚ ಹಾಕ್ತಿದ್ದ. ತಕ್ಕಡಿ ಏನೂ ಸಿಟ್ಟಾಗಿದ್ದಿಲ್ಲ."

"ಆ ಮುಷ್ಟಿ ಬ್ಯಾಳಿ ನಿಮ್ಮಪ್ಪಂದು, ಬಸವಣಪ್ಪಾ. ಈ ಕಾಗದ ನಂದಲ್ಲ."

ಬಸವಣಪ್ಪ ಹಾರ್ನ್ ಒತ್ತಿದ. "ನಿಮ್ಮ ಜೋಡಿ ಮಾತಾಡೂದಕ್ಕಿಂತ ಜಿಎಸ್‌ಟಿ ಆಫೀಸಿನವರ ಜೋಡಿ ಮಾತಾಡೂದು ಸಸಾರ" ಎಂದ.

ನರ್ಸಿಂಗ್ ಹೋಮಿನ ಮೇಲಿನ ಮಹಡಿಯ ಕೋಣೆಯಲ್ಲಿ ಭಾಗಮ್ಮ ಮಲಗಿದ್ದಳು. ಕಾಲಿಗೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗಕ್ಕೆ ಮಂಚದಾಚೆ ತೂಗುವ ಎರಡು ಇಟ್ಟಿಗೆ. ಹಣೆಯ ಮೇಲೆ ಆ ದಿನದ ವಿಭೂತಿ. ಪಕ್ಕದಲ್ಲಿ ಅನುರಾಧಾ, ಅವಳ ತೊಡೆಯ ಮೇಲೆ ಆಪರೇಷನ್ನಿನ ಒಪ್ಪಿಗೆ ಕಾಗದ. ಮುಷ್ಟಿಯಷ್ಟಕ್ಕೆ ಕುಗ್ಗಿದ್ದ ಮುದುಕಿಯ ಮುಖದಲ್ಲಿ ಕಣ್ಣುಗಳು ಮಾತ್ರ ಪೂರ್ತಿ ಗಾತ್ರದಲ್ಲಿದ್ದವು.

"ಬಂದ್ಯಾ ತಮ್ಮಾ?" ಎಂದಳು ಮಾಸ್ತರರಿಗೆ. ಅವರನ್ನು ತಮ್ಮಾ ಎನ್ನುವವರು ಊರಿನಲ್ಲಿ ಉಳಿದಿರಲಿಲ್ಲ. "ಎಂಬತ್ತು ವರ್ಷ ಆತು, ಅಪ್ಪ ಏನೋ ಹೇಳಾಕತ್ತಾನ, ನನಗ ಕೇಳಸವಲ್ದು. ಓದು. ಇಂಥಾ ಹೊತ್ತಿನ್ಯಾಗರೆ ಕೇಳಿ ಹೋಗತೀನಿ."

ಬಸವಣಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಮಾಸ್ತರರು ಕಾಗದ ಬಿಚ್ಚಿದರು. 'ಎಮ್ಮೆ ಒಂದು' ಎಂಬ ಮೊದಲ ಮಾತು ನಾಲಿಗೆಯ ತುದಿಗೆ ಬಂತು. ಮುದುಕಿಯ ಕಣ್ಣು ನೋಡಿದರು. ಮಾತು ಹಿಂದಕ್ಕೆ ಹೋಯಿತು. ಐವತ್ತು ವರ್ಷದಲ್ಲಿ ಮೊದಲ ಸಲ ಅವರ ಬಾಯಿ ಕಾಗದವನ್ನು ಬಿಟ್ಟು ತಾನೇ ನಡೆಯಿತು.

"ನನ್ನ ಮುದ್ದಿನ ಮಗಳಾದ ಭಾಗಮ್ಮಗ... ನಿಮ್ಮಪ್ಪನ ಆಶೀರ್ವಾದ. ಮಗಳೇ, ಸದಾ ಸತ್ಯದ ದಾರಿಯೊಳಗ ನಡಿ..."

ಆ ಸಾಲನ್ನೇ ಯಾಕೆ ಆರಿಸಿಕೊಂಡರೋ ಅವರಿಗೇ ತಿಳಿಯಲಿಲ್ಲ. ಬೆರಳು ಕಾಗದದ ಮೇಲೆ ಸಾಗಿತು. ಹಿರಿಯರ ಸೇವೆ ಬಂತು, ಅತ್ತೆಯ ಮನೆಯ ಮರ್ಯಾದೆ ಬಂತು. ಮೂರನೆಯ ಸಾಲಿಗೆ ಭಾಗಮ್ಮ ಕೈ ಎತ್ತಿದಳು.

"ತಮ್ಮಾ, ನಿಂದ್ರು."

ನಿಂತರು.

"ನಮ್ಮಪ್ಪ ಇಷ್ಟ ಚಂದ ಮಾತಾಡಾಂವ ಇದ್ರ ನಮ್ಮವ್ವ ದಿನಾ ಯಾಕ ಜಗಳಾ ತಗೀತಿದ್ಳು? ಅದು ಹೋಗ್ಲಿ. ಉರ್ದು ಬರಹ ಆ ಕಡಿಂದ ಈ ಕಡಿಗಿ ಬರ್ತದ. ನಮ್ಮ ಬಾಜೂಮನಿ ಹಜಿರಾ ಬೀ ಓದೂದು ನಾ ನೋಡೀನಿ. ನಿನ್ನ ಬೆರಳ ಈ ಕಡಿಂದ ಆ ಕಡಿಗಿ ಹೊಂಟದ. ಯಾವ ಕಾಗದ ಓದಾಕತ್ತಿ ನೀ?"

ಮಾಸ್ತರರು ತಮ್ಮ ಬೆರಳು ನೋಡಿಕೊಂಡರು. ಅದು ಬಲ ಅಂಚಿನಲ್ಲಿ, ಸಾಲು ಶುರುವಾಗುವ ಕಡೆ, ಮುಗಿಸಿ ಬಂದವರಂತೆ ಕೂತಿತ್ತು. ಕನ್ನಡದಲ್ಲಿ ಕಟ್ಟಿದ ಸುಳ್ಳು ಕನ್ನಡದ ದಾರಿಯಲ್ಲೇ ನಡೆದಿತ್ತು. ಅನುರಾಧಾ ಕಿಟಕಿಯ ಕಡೆ ತಿರುಗಿದಳು. ಬಸವಣಪ್ಪ ಕಣ್ಣು ತೆರೆಯುವ ಧೈರ್ಯ ಮಾಡಲಿಲ್ಲ.

"ತಪ್ಪಾತು, ಅವ್ವಾ" ಎಂದರು ಮಾಸ್ತರರು. ಬೆವರು ಒರೆಸಿಕೊಂಡರು. ಒಂದು ವಿಚಿತ್ರವೆಂದರೆ, ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಆ ಕ್ಷಣಕ್ಕೆ ಎದ್ದು ಹೋಗಿತ್ತು. ಸಿಕ್ಕಿಬಿದ್ದ ಕಳ್ಳನಿಗೆ ಇನ್ನು ಅಡಗುವ ಕೆಲಸವಿರುವುದಿಲ್ಲ. "ಇದ್ದದ್ದು ಇದ್ದಂಗ ಓದತೀನಿ. ಕೇಳಿ ಸಿಟ್ಟಿಗೇಳಬ್ಯಾಡ್ರಿ."

"ಸಿಟ್ಟಿಗೆದ್ದು ಎಲ್ಲಿ ಓಡಿಹೋಗ್ಲಿ? ಇಟ್ಟಂಗಿ ಕಟ್ಯಾರ. ಓದು."

ಬೆರಳನ್ನು ಬಲ ತುದಿಯಲ್ಲಿ ನೆಟ್ಟು ಓದಿದರು.

"ಕೊಂಡವಾಡ, ಹುಮನಾಬಾದ್. ಫಸಲಿ ಇಸವಿ ಸಾವಿರದ ಮುನ್ನೂರ ಐವತ್ತೊಂದು. ಮಾಲೀಕ, ಹುಡಗಿಯ ರಾಚಪ್ಪ. ಎಮ್ಮೆ ಒಂದು. ಬಣ್ಣ ಕಪ್ಪು..."

ಕೋಣೆಯಲ್ಲಿ ಇಟ್ಟಿಗೆಗಳು ಕೂಡ ಅಲುಗಾಡುವುದನ್ನು ಬಿಟ್ಟವು.

"...ಹಣೆಯ ಮೇಲೆ ಬಿಳಿ ಚುಕ್ಕೆ. ಎಡಗೊಂಬು ಅರ್ಧ ಮುರಿದದ್ದು."

"ಚಂದ್ರಿ!" ಎಂದಳು ಭಾಗಮ್ಮ.

ಬಸವಣಪ್ಪ ಕಣ್ಣು ತೆರೆದ.

"ಚಂದ್ರಿ ಅದು! ಹಣಿ ಮ್ಯಾಲ ಚಂದ್ರ ಇದ್ದ ಅದಕ್ಕ. ಕೊಂಬ ಮುರದಿದ್ದು ನಮ್ಮ ಕಾಕಾನ ಬಂಡಿಗಿ ಹಾಯ್ದು. ಬಸ್ಯಾ, ಅದರ ಹಾಲ ಕುಡದ ನಾ ದೊಡ್ಡಾಕಿ ಆಗೀನಿ. ಮುಂದ ಓದು, ತಮ್ಮಾ. ಯಾರ ಹೊಲ ಮೇದದ?"

ಯಾರದೋ ಜೋಳದ ಹೊಲ, ಮೂರು ದಿನದ ಬಂಧನ, ದಂಡ ವಸೂಲಿ, ರಾಚಪ್ಪನ ಹೆಬ್ಬೆಟ್ಟು: ಎಲ್ಲವನ್ನೂ ಮಾಸ್ತರರು ಓದಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈಗಷ್ಟೇ ಮುರಿದ ನಿಯಮದ ಮೇಲೆ ಅವರಿಗೆ ವಿಪರೀತ ಭಕ್ತಿ ಬಂದಿತ್ತು. ಇದ್ದದ್ದನ್ನು ಬಿಡಬಾರದು. ಅನುರಾಧಾಳಿಂದ ಚೂರು ಹತ್ತಿ ಇಸಿದುಕೊಂಡು, ಭಾಗಮ್ಮನ ಅಪ್ಪಣೆ ಪಡೆದು, ಎಷ್ಟೋ ದೀಪಾವಳಿಗಳ ವಿಭೂತಿಯನ್ನು ಮೆಲ್ಲಗೆ ಒರೆಸಿ ಕಾಗದವನ್ನು ಬೆಳಕಿಗೆ ಹಿಡಿದರು. ಮೊಹರು ಇರಲಿಲ್ಲ. ಅದೇ ಗುಮಾಸ್ತನ ಕೈಯ ಎರಡು ಸಾಲು ಇದ್ದವು. ಅವರು ಒಮ್ಮೆ ಮನಸ್ಸಿನಲ್ಲಿ ಓದಿಕೊಂಡರು. ಆಮೇಲೆ ಗಟ್ಟಿಯಾಗಿ ಓದಿದರು.

"ಬಿಡುಗಡೆಯ ವೇಳೆ ಮಾಲೀಕನು ಸರ್ಕಾರಿ ನೌಕರನಿಗೆ ಅಸಭ್ಯ ಮಾತು ಆಡಿದ್ದಾನೆ. ಕಾನೂನಿನಂತೆ ಇದು ಅಪರಾಧ. ಆದರೆ ಅವನ ಹೆಗಲ ಮೇಲೆ ಸಣ್ಣ ಹೆಣ್ಣುಮಗು ನಿದ್ದೆಹೋಗಿದ್ದುದರಿಂದ ಎಚ್ಚರಿಕೆ ಕೊಟ್ಟು ಬಿಡಲಾಗಿದೆ."

ಭಾಗಮ್ಮ ಕೈ ಚಾಚಿ ಕಾಗದದ ಒರೆಸಿದ ಅಂಚನ್ನು ಮುಟ್ಟಿದಳು.

"ಅದು ನಾನು" ಎಂದಳು. "ನಾ ಅದನ್ನ ಕನಸಂತ ತಿಳದಿದ್ದೆ. ಎಚ್ಚರಾದಾಗ ಅಪ್ಪನ ಹೆಗಲು. ಮುಂದ ಚಂದ್ರಿ ಹೊಂಟದ, ಒಂದೂವರಿ ಕೊಂಬು, ಮ್ಯಾಲ ಆಕಾಶ. ಮಾಣಿಕನಗರದಾಗ ಬತ್ತಾಸ ಕೊಡಿಸಿದ್ದ. ಮುದುಕಿ ಆದ ಮ್ಯಾಲೆ ಇಂಥಾವು ಖರೇವೋ, ನಾವ ಕಟಗೊಂಡಾವೋ ಯಾರಿಗಿ ಗೊತ್ತು?" ಕಣ್ಣಿನ ನೀರು ಕಿವಿಯ ಕಡೆ ಇಳಿಯಿತು; ಅವಳು ಒರೆಸಿಕೊಳ್ಳಲಿಲ್ಲ. "ಸರ್ಕಾರದಾಂವ ಬರದಾನ ಅಂದ್ರ ಖರೇನ ಇರಬೇಕು."

ಮಾಸ್ತರರು ಆ ಗುಮಾಸ್ತನನ್ನು ಯೋಚಿಸುತ್ತಿದ್ದರು. ಹೆಸರಿಲ್ಲದ ಮನುಷ್ಯ. ಕಾನೂನು ಏನೆಂದು ಬರೆದ, ಅದನ್ನು ಯಾಕೆ ಬಿಟ್ಟೆನೆಂದೂ ಬರೆದ, ಊಟಕ್ಕೆ ಹೋದ. ಎರಡು ಸಾಲಿನಲ್ಲಿ ಮುಗಿಸಿದ್ದ.

"ತಮ್ಮಾ" ಎಂದಳು ಭಾಗಮ್ಮ, ಈಗ ದನಿಯಲ್ಲಿ ಬೇರೆಯೇ ಚುರುಕು. "ಅಪ್ಪ ಅವನಿಗಿ ಏನಂತ ಬೈದ?"

"ಅದು ಬರದಿಲ್ಲ, ಅವ್ವಾ."

"ನೋಡು, ಸಂದ್ಯಾಗೊಂದ್ಯಾಗ ಬರದಿರಬೇಕು. ನಾ ಮಲಗಿದ್ದೆ, ಕೇಳಸಲಿಲ್ಲ. ನಮ್ಮಪ್ಪಂದು ಒಂದ ಒಂದು ಮಾತು ಕೇಳಿದ್ರ ಸಾಕಿತ್ತು."

ಮಾಸ್ತರರು ಕಾಗದ ನೋಡಿದರು. ಸಂದಿಯಲ್ಲಿ ಏನೂ ಇರಲಿಲ್ಲ. ಅವರು ಬೆರಳನ್ನು ಬಲ ತುದಿಗೆ ತಂದರು. ಈ ಸಲ ಬಲು ಜೋಪಾನವಾಗಿ ಬಲದಿಂದ ಎಡಕ್ಕೆ ನಡೆಸುತ್ತ ಓದಿದರು.

"ಹಾಂ, ಇಲ್ಲೇ ಅದ ನೋಡ್ರಿ, ಸಣ್ಣಗ. 'ಏ ಭಾಡ್ಯಾ, ಆ ಕುರ್ಚಿ ಮ್ಯಾಲ ನನ್ನ ಎಮ್ಮಿ ಕೂಡಿಸಿದ್ರ ನಿನಗಿಂತ ಚಂದ ಕಾರಭಾರ ಮಾಡ್ತದ.'"

ಭಾಗಮ್ಮ ನಕ್ಕಳು. ಕಾಲು ನೋಯಿತು, ಅಯ್ಯಯ್ಯೋ ಅಂದಳು, ಮತ್ತೆ ನಕ್ಕಳು. "ಇದು ನೋಡು ನಮ್ಮಪ್ಪನ ಮಾತು! ಮೊದಲಿಂದು ಯಾವನೋ ಸ್ವಾಮಿದು. ಅನುರಾಧಾ, ತಾರ ಆ ಕಾಗದ."

"ಪೆನ್ನು ತಗೋ ಅಜ್ಜೀ. ನಿನಗ ಸಹಿ ಬರ್ತದಲ್ಲ?"

"ಬರ್ತದ. ಇವತ್ತ ಹೆಬ್ಬೆಟ್ಟ ಒತ್ತತೀನಿ. ಶಾಯಿ ತರಸು."

ಶಾಯಿ ತರಿಸಿದರು. ಅವಳು ಹೆಬ್ಬೆರಳನ್ನು ಅದ್ದಿ, ಒಪ್ಪಿಗೆ ಕಾಗದದ ಮೇಲೆ ಒತ್ತಿ, ಪಕ್ಕದಲ್ಲಿ ಅಪ್ಪನ ರಸೀದಿ ಇಡಿಸಿಕೊಂಡು ಎರಡೂ ಹೆಬ್ಬೆಟ್ಟುಗಳನ್ನು ನೋಡುತ್ತ ಮಲಗಿದಳು. ಬಸವಣಪ್ಪ ಹೊರಗೆ ಹೋಗಿ ಮೂಗು ಸೀಟಿಕೊಂಡು, ಅಲ್ಲಿದ್ದವರಿಗೆಲ್ಲ ಚಹಾ ಹೇಳಿದ.

ಗುರುವಾರ ಆಪರೇಷನ್ ಆಯಿತು. ಶುಕ್ರವಾರ ನಮಾಜು ಮುಗಿಸಿ ಬಂದ ಮಾಸ್ತರರು ಕಟ್ಟೆಯ ಮೇಲೆ ಚಹಾಕ್ಕೆ ಕೂತಿದ್ದಾಗ ಬಸವಣಪ್ಪನ ಫೋನು ಬಂತು. ಅವನು ಫೋನಿನಲ್ಲಿ ಮಾತಾಡಿದರೆ ಸ್ಪೀಕರ್ ಹಾಕುವ ಅಗತ್ಯವಿರುವುದಿಲ್ಲ.

"ಛಲೋ ಆತ್ರಿ ಮಾಸ್ತರ್ರೇ! ಸೋಮವಾರ ಎಬ್ಬಿಸಿ ನಿಂದರಸ್ತಾರಂತ. ಎಚ್ಚರಾದ ಮ್ಯಾಲೆ ಅವ್ವನ ಮೊದಲ ಮಾತು ಏನಿತ್ತು ಗೊತ್ತದೇನ್ರಿ? ನೋವು ಅದ ಏನು ಅಜ್ಜಿ ಅಂತ ಡಾಕ್ಟರ್ ಕೇಳಿದ್ರ, 'ಏ ಭಾಡ್ಯಾ, ನಿನ್ನ ಕುರ್ಚಿ ಮ್ಯಾಲ ನಮ್ಮ ಎಮ್ಮಿ ಕೂಡಿಸಿದ್ರ ನಿನಗಿಂತ ಚಂದ ಕಾರಭಾರ ಮಾಡ್ತದ' ಅಂದ್ಳು! ಡಾಕ್ಟರ್ ನಕ್ಕು ನಕ್ಕು ಸಾಕಾದ. ನಮ್ಮಜ್ಜನ ಮಾತದು, ಸರ್ಕಾರಿ ಕಾಗದದಾಗ ಬರದದ್ದು ಅಂತ ನಾ ಎಲ್ಲರಿಗೂ ಹೇಳೀನಿ."

ಮಾಸ್ತರರು ಹೌದು ಹೌದು ಎಂದು ಫೋನು ಇಟ್ಟರು. ಎದುರಿಗೆ ಮುನ್ನಿ ಬೀ ಚಹಾದ ಕಪ್ಪು ಹಿಡಿದು ನಿಂತಿದ್ದಳು, ಕೊಡುವ ಲಕ್ಷಣವಿರಲಿಲ್ಲ.

"ಇದು ನಮ್ಮ ಮಾವನವರ ಬೈಗುಳ."

ಮಾಸ್ತರರು ಕಪ್ಪಿಗೆ ಕೈ ಚಾಚಿದರು.

"ಅವರು ತಹಶೀಲ್ದಾರನಿಗಿ ಅಂದಿದ್ರು. ಅವರದು ಬಕರಿ ಇತ್ತು. ನಿಮ್ಮ ಕೈಯಾಗ ಎಮ್ಮಿ ಆಗ್ಯದ."

"ಆ ಮುದುಕಿ ಕೇಳಿದ್ಳು" ಎಂದರು ಮಾಸ್ತರರು. ಆ ಕಟ್ಟೆಯ ಮೇಲೆ ಐವತ್ತು ವರ್ಷದಲ್ಲಿ ಅಷ್ಟು ದುರ್ಬಲವಾದ ವಾದವನ್ನು ಯಾರೂ ಮಂಡಿಸಿರಲಿಲ್ಲ.

ಮುನ್ನಿ ಬೀ ಕಪ್ಪು ಅವರ ಮುಂದಿಟ್ಟಳು. ನಗು ತಡೆಯುತ್ತಿದ್ದಳೋ, ಹಳೆಯ ಕಡತ ತೆರೆಯುತ್ತಿದ್ದಳೋ ಒಮ್ಮೆಗೆ ತಿಳಿಯುವಂತಿರಲಿಲ್ಲ.

"ಆಯಿತವಾರ ಮುಜಾಫರನ ಮನಿಗಿ ಊಟಕ್ಕ ಹೋಗೂಣು. ಅವನಿಗಿ ನೀವ ಹೇಳ್ರಿ."

"ಏನಂತ ಹೇಳಲಿ?"

"ಆವತ್ತ ಬಾವಿ ಕಾಗದ ಯಾಕ ಹಂಗ ಓದಿದ್ರಿ ಅನ್ನೂದು. ಇದ್ದದ್ದು ಯಾವುದೂ ಬಿಡಬ್ಯಾಡ್ರಿ." ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೊರಟಳು. "ಅವನ ಮನಸಿಗಿ ತಂಪಾಗೂ ಹಂಗ ಇಲ್ಲದ್ದೂ ಎರಡು ಮಾತು ಕೂಡಿಸ್ರಿ."

ಮಾಸ್ತರರು ಚಹಾ ಕುಡಿದರು. ಸಕ್ಕರೆ ಸರಿಯಾಗಿತ್ತು.